ದುಡ್ಡಿಲ್ಲದವರ ಜಾಹೀರಾತು: ಪುಸ್ತಕದ ಗಂಟಿನಿಂದ ಮೊಬೈಲ್ ಅಂಗಡಿಯವರೆಗೆ

ನಮ್ಮ ಚಿಕ್ಕಪ್ಪನ ಮಗಳು ಹೋದ ವರ್ಷ ಆನ್‌ಲೈನ್ ಅಂಗಡಿ ತೆರೆದಳು. ಅಂಗಡಿ ಎಂದರೆ ಹರಿಯಬ್ಬೆಯ ಮನೆಯ ಪಡಸಾಲೆ, ಒಂದು ತಕ್ಕಡಿ, ಒಂದು ಮೊಬೈಲ್. ಮಾರುವುದು ಗಾಣದ ಶೇಂಗಾ ಎಣ್ಣೆ, ಶೇಂಗಾ ಚಟ್ನಿಪುಡಿ, ರಾಗಿ ಹುರಿಹಿಟ್ಟು. ಬಂಡವಾಳ ಮಹಿಳಾ ಸಂಘದಲ್ಲಿ ತೆಗೆದ 25,000 ರೂಪಾಯಿ ಸಾಲ. ಯಾರೋ ಹೇಳಿದರೆಂದು ಅದರಲ್ಲಿ 6,000 ರೂಪಾಯಿಯನ್ನು ಮೊಬೈಲ್ ಜಾಹೀರಾತಿಗೆ ಹಾಕಿದಳು. ಲೈಕ್ ಬಂದವು. ‘ರೇಟ್ ಎಷ್ಟು?’ ಎನ್ನುವ ಮೆಸೇಜ್ ಬಂದವು. ತಿಂಗಳು ಮುಗಿಯುವ ಹೊತ್ತಿಗೆ ಬಂದ ಆರ್ಡರ್ ಹನ್ನೊಂದು. ಅದರಲ್ಲಿ ನಾಲ್ಕು ನೆಂಟರದ್ದು.

ಒಂದು ಸಂಜೆ ಮನೆಗೆ ಬಂದು ಕೇಳಿದಳು: “ಅಣ್ಣ, ನೀನು ಪೇಪರ್‌ನೋನು. ನಮ್ಮ ಎಣ್ಣೆ ಬಗ್ಗೆ ಒಂದು ಸುದ್ದಿ ಹಾಕಬಾರ್ದಾ?”

ಜಿಲ್ಲೆಯಲ್ಲಿ ಬಿಡಿ ಸುದ್ದಿಗಾರನಾಗಿರುವವರಿಗೆ ಈ ಪ್ರಶ್ನೆ ಹೊಸದಲ್ಲ. ಹಬ್ಬ ಬಂತೆಂದರೆ ನಾವೇ ಜಾಹೀರಾತು ಕೇಳಿಕೊಂಡು ಅಂಗಡಿ ಅಂಗಡಿ ಅಲೆಯುತ್ತೇವೆ. ಕಾಸು ಕೊಟ್ಟರೆ ಜಾಹೀರಾತು, ಕೊಡದಿದ್ದರೆ ಸುದ್ದಿ ಎಂದು ಡಿಪ್ಲೊಮಾ ತರಗತಿಯಲ್ಲಿ ಹೇಳಿಕೊಟ್ಟ ಗೆರೆ ಊರಿಗೆ ಬಂದಾಗ ಎಷ್ಟು ಮಸುಕಾಗುತ್ತದೆ ಎಂದು ನಮ್ಮ ಗುಂಪಿನ ಎಲ್ಲರಿಗೂ ಗೊತ್ತು. ತಂಗಿಯ ಎಣ್ಣೆಯನ್ನು ಸುದ್ದಿ ಮಾಡಿದರೆ ನಾಳೆ ಬೇರೆಯವರ ಗೊಬ್ಬರವನ್ನೂ ಸುದ್ದಿ ಮಾಡಬೇಕಾಗುತ್ತದೆ. ಆಗುವುದಿಲ್ಲ ಎಂದೆ. ಅವಳು ಬೇಜಾರು ಮಾಡಿಕೊಂಡು ಹೋದಳು. ಆದರೆ ಅವಳ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು. ಕೈಯಲ್ಲಿ ದುಡ್ಡಿಲ್ಲದವನು ತನ್ನ ಸರಕು ಇದೆ ಎಂದು ನಾಲ್ಕು ಜನಕ್ಕೆ ತಿಳಿಸುವುದು ಹೇಗೆ? ನಮ್ಮ ನಾಡಿನಲ್ಲಿ ಇದಕ್ಕೆ ಮೊದಲು ಯಾರೂ ಇದನ್ನು ಮಾಡಿಲ್ಲವೇ?

ಮಾಡಿದ್ದಾರೆ. ಮೊಬೈಲ್ ಇರದ ಕಾಲದಿಂದಲೂ ಮಾಡಿದ್ದಾರೆ.

ಹೆಗಲ ಮೇಲಿನ ಅಂಗಡಿ

ಗಳಗನಾಥರ ಹೆಸರು ಶಾಲೆಯ ಪಠ್ಯದಲ್ಲಿ ಕೇಳಿರುತ್ತೀರಿ. ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ. ವೃತ್ತಿಯಿಂದ ಶಾಲಾ ಮಾಸ್ತರರು. ಕನ್ನಡದ ಮೊದಲ ತಲೆಮಾರಿನ ಕಾದಂಬರಿಕಾರರಲ್ಲಿ ದೊಡ್ಡ ಹೆಸರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ಬೆಳೆಸಿದವರು.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಆ ಸೀಮೆಯಲ್ಲಿ ಓದು ಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕಗಳೇ ಹೆಚ್ಚು. ಕನ್ನಡ ಪುಸ್ತಕಕ್ಕೆ ಅಂಗಡಿ ಇಲ್ಲ, ಕೊಳ್ಳುವ ರೂಢಿಯೂ ಇಲ್ಲ. ಗಳಗನಾಥರು ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇದನ್ನು ನಾವು ಸಾಮಾನ್ಯವಾಗಿ ಕನ್ನಡದ ಸೇವೆ, ತ್ಯಾಗ ಎಂದು ಓದಿ ಕೈಮುಗಿದು ಮುಂದೆ ಹೋಗುತ್ತೇವೆ. ಅದರಲ್ಲಿ ವ್ಯಾಪಾರದ ಒಂದು ಪಾಠವೂ ಇದೆ. ಗಿರಾಕಿ ಅಂಗಡಿಗೆ ಬರುವುದಿಲ್ಲ ಎಂದು ಖಚಿತವಾದ ಮೇಲೆ ಅಂಗಡಿಯೇ ಗಿರಾಕಿಯ ಮನೆಗೆ ನಡೆಯಿತು. ಬರೆದವನೇ ಬಾಗಿಲಲ್ಲಿ ನಿಂತಾಗ ಪುಸ್ತಕ ಹೇಗಿದೆ ಎಂದು ಬೇರೆಯವರನ್ನು ಕೇಳಬೇಕಿರಲಿಲ್ಲ. ಯಾರು ಕೊಂಡರು, ಯಾರು ಬೇಡವೆಂದರು, ಯಾಕೆ ಬೇಡವೆಂದರು ಎನ್ನುವುದೆಲ್ಲ ಅವರ ಕಿವಿಗೇ ಬಿತ್ತು. ಇವತ್ತು ಕಂಪನಿಗಳು ಈ ಮಾಹಿತಿಗೆಂದೇ ಲಕ್ಷಗಟ್ಟಲೆ ಸುರಿಯುತ್ತವೆ.

ಆದರೆ ಇದನ್ನು ಸಿಹಿ ಕಥೆ ಮಾಡಬಾರದು. ಪುಸ್ತಕ ಮಾರಿ ಗಳಗನಾಥರು ಶ್ರೀಮಂತರಾಗಲಿಲ್ಲ. ಜಾಹೀರಾತಿಗೆ ಅವರು ಕೊಡದ ಹಣವನ್ನು ಅವರ ಕಾಲುಗಳು ಕೊಟ್ಟವು. ದುಡ್ಡಿಲ್ಲದ ಪ್ರಚಾರ ಪುಕ್ಕಟೆ ಪ್ರಚಾರ ಅಲ್ಲ. ದುಡ್ಡಿನ ಬದಲು ಬೇರೇನನ್ನೋ ಕೊಡಬೇಕು. ಮುಂದಿನ ಎಲ್ಲ ಕಥೆಗಳಲ್ಲೂ ನಾನು ಹುಡುಕಿದ್ದು ಇದನ್ನೇ. ಅವರು ಏನನ್ನು ಕೊಟ್ಟರು?

ಮೊದಲು ಚಂದಾ, ಆಮೇಲೆ ಪುಸ್ತಕ

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದರು. ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದವರು ಇವರೇ. ಪುಸ್ತಕ ಅಚ್ಚು ಮಾಡಿಸಿ, ಗೋಡೌನಿನಲ್ಲಿ ಒಟ್ಟಿ, ಆಮೇಲೆ ಕೊಳ್ಳುವವರನ್ನು ಹುಡುಕುವಷ್ಟು ಬಂಡವಾಳ ಅಂಥ ಪ್ರಕಾಶನಕ್ಕೆ ಎಲ್ಲಿಂದ ಬರಬೇಕು? ಹಾಗಾಗಿ ಲೆಕ್ಕ ತಿರುಗಾಮುರುಗಾ ಆಯಿತು. ಮೊದಲು ಚಂದಾದಾರರು, ಆಮೇಲೆ ಪುಸ್ತಕ. ವರ್ಷದ ಚಂದಾ ಕೊಟ್ಟವರ ಮನೆಗೆ ಮಾಲೆಯ ಪುಸ್ತಕಗಳು ಬರುತ್ತವೆ. ಯಾವ ಪುಸ್ತಕ ಬರುತ್ತದೆ ಎನ್ನುವುದು ಚಂದಾದಾರನಿಗೆ ಮೊದಲೇ ಗೊತ್ತಿರಬೇಕಿಲ್ಲ. ಮಾಲೆಯ ಮೇಲೆ ನಂಬಿಕೆ ಇದ್ದರೆ ಸಾಕು.

ಬೇಂದ್ರೆ, ಗೋಕಾಕ, ಮುಗಳಿಯವರಂಥ ಬರಹಗಾರರು ಜೊತೆಗಿದ್ದರು. ಅವರ ಹೆಸರೇ ಗ್ಯಾರಂಟಿ. ಆದರೂ ಚಂದಾ ಹಣ ಕೈಗೆ ಬಂದ ಮೇಲೆ ಪುಸ್ತಕ ತಲುಪದಿದ್ದರೆ, ಅಥವಾ ತಲುಪಿದ ಪುಸ್ತಕ ಜೊಳ್ಳಾಗಿದ್ದರೆ, ಮರುವರ್ಷ ಆ ಮನೆಯ ಬಾಗಿಲು ತೆರೆಯುವುದಿಲ್ಲ. ಅಂದರೆ ಜೋಶಿಯವರು ದುಡ್ಡಿನ ಬದಲು ಕೊಟ್ಟದ್ದು ಮಾತನ್ನು. ಆ ಮಾತು ನಡೆದದ್ದರಿಂದಲೇ ಮಾಲೆ ಸ್ಥಾಪಕರನ್ನೂ ದಾಟಿ ಮುಂದಿನ ತಲೆಮಾರುಗಳ ಕೈಗೆ ಬಂತು.

ಈಗ ಆನ್‌ಲೈನ್ ಅಂಗಡಿಯವರು ‘ಪ್ರೀ-ಆರ್ಡರ್’ ಎನ್ನುತ್ತಾರಲ್ಲ, ಅದು ಇದೇ. ನಮ್ಮೂರ ಕಡೆ ಇದಕ್ಕೆ ಇನ್ನೂ ಹಳೆಯ ರೂಢಿ ಇದೆ. ವರ್ತನೆ ಹಾಲು ಹಾಕಿಸಿಕೊಳ್ಳುವವರು ದಿನವೂ ಚೌಕಾಸಿ ಮಾಡುವುದಿಲ್ಲ. ಹಾಲು ಹಾಕುವವನೂ ದಿನವೂ ಗಿರಾಕಿ ಹುಡುಕುವುದಿಲ್ಲ.

ಅಂಚೆಯಣ್ಣ ತಂದ ಧೈರ್ಯ

ನೋಡದ ಊರಿನವನಿಗೆ ನೋಡದ ಸರಕು ಮಾರುವುದು ಇಂಟರ್‌ನೆಟ್ ಬಂದ ಮೇಲೆ ಶುರುವಾದದ್ದಲ್ಲ. ಅದನ್ನು ಮೊದಲು ಸಾಧ್ಯ ಮಾಡಿದ್ದು ಅಂಚೆ ಇಲಾಖೆ.

ಮೈಸೂರು ಸೀಮೆಗೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು. ಅದು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅದಕ್ಕೂ ಮೊದಲೇ ಬ್ರಿಟಿಷ್ ಅಂಚೆ ಎರಡು ಕೆಲಸ ಮಾಡಿತ್ತು. 1877ರಲ್ಲಿ ವಿ.ಪಿ.ಪಿ. ಆರಂಭಿಸಿತು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡ್ ತಂದಿತು. ಕಾರ್ಡಿನಿಂದ ಬಡ ವ್ಯಾಪಾರಿಯೂ ದೂರದ ಗಿರಾಕಿಗೆ ನಾಲ್ಕು ಸಾಲು ಬರೆಯುವಂತಾಯಿತು. ವಿ.ಪಿ.ಪಿ.ಯಿಂದ ಗಿರಾಕಿಯ ಭಯ ಹೋಯಿತು. ಪಾರ್ಸೆಲ್ ಬಾಗಿಲಿಗೆ ಬರುತ್ತದೆ, ಅಂಚೆಯವನ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕು, ಅಂಚೆ ಆ ಹಣವನ್ನು ಕಳಿಸಿದವನಿಗೆ ತಲುಪಿಸುತ್ತದೆ. ಪುಸ್ತಕ, ಔಷಧಿ, ಕೈಗಡಿಯಾರ, ಬಿತ್ತನೆ ಬೀಜ ಎಲ್ಲವೂ ಹೀಗೆ ಬಂದವು. ನಮ್ಮ ಅಜ್ಜಂದಿರ ಕಾಲದ ಪಂಚಾಂಗ, ಪತ್ರಿಕೆಗಳ ಹಿಂಬದಿಯಲ್ಲಿ ‘ವಿ.ಪಿ. ಮೂಲಕ ತರಿಸಿಕೊಳ್ಳಿ’ ಎನ್ನುವ ಸಾಲು ಇಲ್ಲದ ಜಾಹೀರಾತು ಕಡಿಮೆ.

ಇಲ್ಲಿ ಅಪಾಯ ಹೊತ್ತವನು ಮಾರುವವನು. ಗಿರಾಕಿ ಬಿಡಿಸಿಕೊಳ್ಳದಿದ್ದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ಅವನದೇ. ಅವನು ಕೊಟ್ಟದ್ದು ಆ ಧೈರ್ಯವನ್ನು.

ಸೋಪಿನ ಕಥೆ ಯಾಕೆ ನಮಗೆ ಹೊಂದುವುದಿಲ್ಲ

ಕರ್ನಾಟಕದ ಮಾರಾಟದ ಇತಿಹಾಸ ಎಂದರೆ ಎಲ್ಲರೂ ಮೊದಲು ಹೇಳುವುದು ಮೈಸೂರು ಸ್ಯಾಂಡಲ್ ಸೋಪಿನ ಕಥೆ. 1914ರಲ್ಲಿ ಮಹಾಯುದ್ಧ ಶುರುವಾಗಿ ಮೈಸೂರಿನ ಶ್ರೀಗಂಧ ಯೂರೋಪಿಗೆ ಹೋಗುವುದು ನಿಂತಿತು. ಕೊರಡುಗಳು ಇಲ್ಲೇ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಇಲ್ಲೇ ಎಣ್ಣೆ ತೆಗೆಯುವುದೆಂದಾಯಿತು. ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆಯೂ ಬಂತು. ಸೋಪಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಎಸ್.ಜಿ. ಶಾಸ್ತ್ರಿಯವರಿಗೆ ‘ಸೋಪ್ ಶಾಸ್ತ್ರಿ’ ಎಂದೇ ಹೆಸರಾಯಿತು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಶರಭದ ಗುರುತು. ಟ್ರಾಮ್ ಟಿಕೆಟ್, ಬೆಂಕಿಪೊಟ್ಟಣಗಳ ಮೇಲೆ ಜಾಹೀರಾತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಮಾಡಿ ಪ್ರಚಾರ ಮಾಡಿದ್ದಂತೂ ಹೆಸರುವಾಸಿ.

ಚೆಂದದ ಕಥೆ. ಆದರೆ ಅದು ಹಿಂದೆ ಅರಮನೆ ಇದ್ದವರ ಕಥೆ. ಹೊಸದಾಗಿ ಅಂಗಡಿ ಇಟ್ಟ ನಮ್ಮವರು ಎಡವುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಕೈಯಲ್ಲಿರುವುದು ಗಳಗನಾಥರ ಗಂಟು, ಮಾಡಲು ಹೊರಡುವುದು ಒಂಟೆಯ ಮೆರವಣಿಗೆ. ನನ್ನ ತಂಗಿಯ 6,000 ರೂಪಾಯಿ ಹೋದದ್ದು ಹೀಗೇ. ಯಾರೆಂದು ಗೊತ್ತಿಲ್ಲದ ಸಾವಿರಾರು ಜನರ ಕಣ್ಣ ಮುಂದೆ ಎಣ್ಣೆ ಬಾಟಲಿಯ ಫೋಟೊ ಒಂದು ಗಳಿಗೆ ಹಾದುಹೋಯಿತು. ಅವರಿಗೆ ಹರಿಯಬ್ಬೆ ಎಲ್ಲಿದೆ ಎಂದು ಗೊತ್ತಿಲ್ಲ, ಗಾಣದ ಎಣ್ಣೆಗೆ ಯಾಕೆ ಹೆಚ್ಚು ಬೆಲೆ ಎಂದೂ ಗೊತ್ತಿಲ್ಲ.

ಪುಸ್ತಕದಂಗಡಿಯ ಬಾಗಿಲಲ್ಲಿ ನಿಂತವರು

‘ಅದೆಲ್ಲ ಹಳೇ ಕಾಲ, ಆನ್‌ಲೈನ್ ಅಂಗಡಿಯ ಕಥೆಯೇ ಬೇರೆ’ ಎನ್ನುವವರಿಗೆ ಬೆಂಗಳೂರಿನದೇ ಒಂದು ಉದಾಹರಣೆ. 2007ರ ಅಕ್ಟೋಬರ್‌ನಲ್ಲಿ ಕೋರಮಂಗಲದ ಒಂದು ಅಪಾರ್ಟ್‌ಮೆಂಟಿನಿಂದ ಇಬ್ಬರು ಯುವಕರು ಪುಸ್ತಕ ಮಾರುವ ವೆಬ್‌ಸೈಟ್ ಶುರು ಮಾಡಿದರು. ಸಚಿನ್ ಬನ್ಸಲ್, ಬಿನ್ನಿ ಬನ್ಸಲ್. ಇಬ್ಬರೂ ಅಮೆಜಾನ್ ಕಂಪನಿಯ ಕೆಲಸ ಬಿಟ್ಟು ಬಂದವರು. ಹಾಕಿದ ಬಂಡವಾಳ ಸುಮಾರು 4 ಲಕ್ಷ ರೂಪಾಯಿ. ಅಂಗಡಿಯ ಹೆಸರು ಫ್ಲಿಪ್‌ಕಾರ್ಟ್.

ಟಿ.ವಿ. ಜಾಹೀರಾತಿಗೆ ಹಣ ಇರಲಿಲ್ಲ. ಗಂಗಾರಾಮ್ಸ್‌ನಂಥ ಪುಸ್ತಕದಂಗಡಿಯ ಹೊರಗೆ ನಿಂತು, ಪುಸ್ತಕ ಕೊಂಡು ಹೊರಬರುವವರ ಕೈಗೆ ತಮ್ಮ ವೆಬ್‌ಸೈಟಿನ ಹೆಸರಿರುವ ಬುಕ್‌ಮಾರ್ಕ್ ಕೊಟ್ಟರು. ಈ ಒಂದು ಕೆಲಸದಲ್ಲಿ ಎಷ್ಟು ಲೆಕ್ಕ ಇದೆ ನೋಡಿ. ರಸ್ತೆಯಲ್ಲಿ ಹೋಗುವ ಎಲ್ಲರಿಗೂ ಕರಪತ್ರ ಹಂಚಲಿಲ್ಲ. ಈಗಷ್ಟೇ ಪುಸ್ತಕಕ್ಕೆ ದುಡ್ಡು ಬಿಚ್ಚಿದವರಿಗೆ ಮಾತ್ರ ಕೊಟ್ಟರು. ಕೊಟ್ಟದ್ದೂ ಎಸೆಯುವ ಕಾಗದವಲ್ಲ. ಓದುವವರೆಗೂ ಪುಸ್ತಕದೊಳಗೆ ಉಳಿಯುವ ಪಟ್ಟಿ. ಪುಟ ತೆರೆದಾಗಲೆಲ್ಲ ಹೆಸರು ಕಣ್ಣಿಗೆ ಬೀಳುತ್ತದೆ.

ಅವರ ಮೊದಲ ಗಿರಾಕಿ ಬಂದದ್ದೂ ದುಡ್ಡಿನ ಜಾಹೀರಾತಿನಿಂದಲ್ಲ. ಪುಸ್ತಕಪ್ರಿಯರು ಓದುತ್ತಿದ್ದ ಒಂದು ಬರಹದ ಕೆಳಗೆ ಬಿಟ್ಟಿದ್ದ ಲಿಂಕ್ ನೋಡಿ, ಮಹಬೂಬ್‌ನಗರದ ಓದುಗರೊಬ್ಬರು ಆರ್ಡರ್ ಮಾಡಿದರು. ಆ ಪುಸ್ತಕ ಇವರ ಹತ್ತಿರ ಇರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಅಲೆದು ಹುಡುಕಿ ಕಳಿಸಿದರು. ಬೋಣಿ ತಪ್ಪಬಾರದು ಎಂದು ನಮ್ಮ ಸಂತೆಯ ವ್ಯಾಪಾರಿ ಹೇಳುತ್ತಾನಲ್ಲ, ಅದೇ ಹಟ.

2010ರಲ್ಲಿ ಅವರು ತಂದ ‘ಕ್ಯಾಶ್ ಆನ್ ಡೆಲಿವರಿ’ಯನ್ನು ದೊಡ್ಡ ಕ್ರಾಂತಿ ಎಂದು ಬಿಸಿನೆಸ್ ಪತ್ರಿಕೆಗಳು ಬರೆದವು. ಕಾರ್ಡ್ ಇಲ್ಲದವರು, ಇದ್ದರೂ ನಂಬದವರು ಅದರಿಂದಲೇ ಆನ್‌ಲೈನ್ ಅಂಗಡಿಗೆ ಬಂದರು, ನಿಜ. ಆದರೆ ವಿ.ಪಿ. ಬಿಡಿಸಿಕೊಂಡು ಗೊತ್ತಿದ್ದ ನಮ್ಮ ಅಜ್ಜನಿಗೆ ಕೇಳಿದ್ದರೆ ‘ಇದರಲ್ಲಿ ಹೊಸದೇನಪ್ಪ?’ ಎನ್ನುತ್ತಿದ್ದ.

2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಈ ಕಂಪನಿಯ ಶೇ 77ರಷ್ಟು ಪಾಲು ಕೊಂಡಿತು. ಬುಕ್‌ಮಾರ್ಕ್ ಹಂಚಿದವರ ಅಂಗಡಿ ಇವತ್ತು ತಾನೇ ಒಂದು ದೊಡ್ಡ ಸಂತೆಮಾಳ. ಅಲ್ಲಿ ಮುಂದಿನ ಸಾಲಿನಲ್ಲಿ ಕಾಣಿಸಿಕೊಳ್ಳಲು ಸಣ್ಣ ವ್ಯಾಪಾರಿಗಳು ಜಾಹೀರಾತಿನ ಹಣ ಕಟ್ಟುತ್ತಾರೆ. ಇದರಲ್ಲಿ ತಪ್ಪು ಹುಡುಕುವುದು ನನ್ನ ಉದ್ದೇಶ ಅಲ್ಲ. ದೊಡ್ಡವರು ಈಗ ಮಾಡುತ್ತಿರುವುದನ್ನು ನೋಡಿ ಕಲಿಯುವುದಕ್ಕಿಂತ ಅವರು ಸಣ್ಣವರಾಗಿದ್ದಾಗ ಮಾಡಿದ್ದನ್ನು ನೋಡಿ ಕಲಿಯುವುದು ವಾಸಿ ಎನ್ನುವುದಷ್ಟೇ ಮಾತು.

ನಮ್ಮ ತಾಲ್ಲೂಕಿನ ಈರುಳ್ಳಿ

ಬೆಂಗಳೂರಿನ ಮಾತಾಯಿತು, ನಮ್ಮ ಹಿರಿಯೂರಿಗೇ ಬರೋಣ. 2020ರ ಏಪ್ರಿಲ್. ಲಾಕ್‌ಡೌನ್. ಚಿತ್ರದುರ್ಗ ಜಿಲ್ಲೆಯ ಈರುಳ್ಳಿಗೆ ಲಾರಿಯೂ ಇಲ್ಲ, ಬೆಲೆಯೂ ಇಲ್ಲ. ನಮ್ಮ ತಾಲ್ಲೂಕಿನ ರೈತ ಮಹಿಳೆಯೊಬ್ಬರು ಈರುಳ್ಳಿಯ ಮುಂದೆ ನಿಂತು ತಮ್ಮ ಕಷ್ಟವನ್ನು ಮೊಬೈಲಿನಲ್ಲಿ ಹೇಳಿದರು. ಆ ವಿಡಿಯೊ ರಾಜ್ಯವೆಲ್ಲ ಸುತ್ತಿತು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೇ ಅವರಿಗೆ ಫೋನ್ ಮಾಡಿ ಮಾತಾಡಿದರು.

ಅದು ಜಾಹೀರಾತಲ್ಲ, ಅಳಲು. ಆದರೂ ಮಾರಾಟ ಮಾಡುವವರು ಅದರಿಂದ ಕಲಿಯುವುದಿದೆ. ಅಲ್ಲಿ ಬಣ್ಣದ ಫೋಟೊ ಇರಲಿಲ್ಲ, ಬಾಡಿಗೆಗೆ ತಂದ ದನಿ ಇರಲಿಲ್ಲ. ಬೆಳೆದವರ ಮುಖ ಇತ್ತು, ಅವರದೇ ಮಾತಿತ್ತು, ಹಾಕಿದ ಖರ್ಚು ಎಷ್ಟು, ಸಿಗುವ ಬೆಲೆ ಎಷ್ಟು ಎನ್ನುವ ನೇರ ಲೆಕ್ಕ ಇತ್ತು. ನೋಡಿದವರು ನಂಬಿದ್ದು ಅದಕ್ಕೆ. ಅವರು ಕೊಟ್ಟದ್ದು ತಮ್ಮ ಮುಖವನ್ನು, ಹೆಸರನ್ನು. ಊರಿನಲ್ಲಿ ಬಾಳಬೇಕಾದ ಹೆಣ್ಣುಮಗಳಿಗೆ ಅದು ಸಣ್ಣ ಬೆಲೆಯಲ್ಲ.

ಇತಿಹಾಸ ಹೇಳದೇ ಬಿಡುವ ಖರ್ಚು

ಹಳೆಯ ಕಥೆಗಳಿಂದ ಎಲ್ಲದಕ್ಕೂ ಉತ್ತರ ಸಿಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಪ್ರಚಾರದ ಖರ್ಚು ಉಳಿಸಿದರೂ ಸಾಗಣೆಯ ಖರ್ಚು ಉಳಿಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕಡಿಮೆ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ ನಿಂತಾಗ ಸಣ್ಣ ಪ್ರಕಾಶಕರಿಗೆ ಬಿದ್ದ ಪೆಟ್ಟು ಇದೇ. ಎಣ್ಣೆಗೆ ಆ ಸೌಲಭ್ಯ ಎಂದೂ ಇರಲಿಲ್ಲ. ಒಂದು ಲೀಟರ್ ಬಾಟಲಿಯನ್ನು ಸೋರದಂತೆ ಕಟ್ಟಿ ಕೊರಿಯರ್‌ಗೆ ಕೊಟ್ಟರೆ ಲಾಭದ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ.

ಕಾನೂನಿನ ಗೆರೆಗಳೂ ಇವೆ. ತಿನ್ನುವ ಸರಕು ಮಾರಲು ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಬಾಟಲಿಗೆ ಸರಿಯಾದ ಲೇಬಲ್ ಬೇಕು. 2023ರ ಅಕ್ಟೋಬರ್ 1ರಿಂದ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ, ದಾಖಲಾತಿ ಸಂಖ್ಯೆ ಪಡೆದು, ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸರಕು ಮಾರಬಹುದು. ಆದರೆ ಅದು ರಾಜ್ಯದ ಒಳಗೆ ಮಾತ್ರ. ನಮ್ಮ ಧರ್ಮಪುರ ಹೋಬಳಿಯವರಿಗೆ ಇದು ವಿಚಿತ್ರ. ಗಡಿಯಾಚೆ ಆಂಧ್ರದ ಅಮರಾಪುರ, ಹೇಮಾವತಿಗಳು ನಮಗೆ ನೆಂಟರ ಊರು. ಸಾವಿರ ವರ್ಷದ ಹಿಂದೆ ನೊಳಂಬರು ಹೆಂಜೇರು ಎಂದು ಕರೆಯುತ್ತಿದ್ದ ಆ ಹೇಮಾವತಿಯಿಂದ ಆಳುವಾಗ ಈ ಸೀಮೆಯೆಲ್ಲ ಒಂದೇ ನಾಡು. ಈಗ ದೂರದ ಬೀದರಿಗೆ ಎಣ್ಣೆ ಕಳಿಸುವುದು ಸುಲಭ, ಪಕ್ಕದ ಅಮರಾಪುರಕ್ಕೆ ಕಳಿಸಿದರೆ ಅಂತರರಾಜ್ಯ ವ್ಯಾಪಾರ.

ಕೊಸರು

ಇಷ್ಟನ್ನೆಲ್ಲ ಒಂದು ಭಾನುವಾರ ತಂಗಿಯ ಮುಂದೆ ಹೇಳಿದೆ. ಅವಳು ಅರ್ಧ ಕೇಳಿ, “ಅಣ್ಣ, ಅವ್ರೆಲ್ಲ ದೊಡ್ಡೋರು. ನಾನೇನ್ ಮಾಡ್ಲಿ ಅದನ್ನ ಹೇಳು” ಎಂದಳು. ಇಬ್ಬರೂ ಕೂತು ಪಟ್ಟಿ ಮಾಡಿದೆವು.

ಮೊದಲು ಗಿರಾಕಿ ಈಗ ಎಲ್ಲಿ ನಿಂತಿದ್ದಾನೆ ಎಂದು ಯೋಚಿಸಿದೆವು. ಗಾಣದ ಎಣ್ಣೆಯ ರುಚಿ ಗೊತ್ತಿದ್ದೂ ಅದು ಸಿಗದವರು ಯಾರು? ನಮ್ಮೂರ ಸುತ್ತಮುತ್ತಲಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರು. ಅವರು ಹಬ್ಬಕ್ಕೆ ಊರಿಗೆ ಬರುತ್ತಾರೆ, ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೆ ಬರುತ್ತಾರೆ. ಅವರೇ ಗಂಗಾರಾಮ್ಸ್‌ನಿಂದ ಹೊರಬರುವ ಗಿರಾಕಿಗಳು.

ಜಾತ್ರೆಗೆ ಅವಳು ಎಣ್ಣೆ ಒಯ್ಯಲಿಲ್ಲ. ಚಟ್ನಿಪುಡಿಯ ಸಣ್ಣ ಪೊಟ್ಟಣ ಒಯ್ದಳು. ಬೆಂಗಳೂರಿನಿಂದ ಬಂದಿದ್ದ ಪರಿಚಯದವರಿಗೆ ಒಂದೊಂದು ಕೊಟ್ಟಳು. ಸಂತೆಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರಲ್ಲ, ಹಾಗೆ. ಇವಳು ಕೊಸರನ್ನೇ ಮೊದಲು ಕೊಟ್ಟಳು. ಪೊಟ್ಟಣದ ಜೊತೆ ಒಂದು ಚೀಟಿ: ಶೇಂಗಾ ಯಾವ ಹೊಲದ್ದು, ಗಾಣ ಆಡಿಸುವುದು ಯಾವ ದಿನ, ಫೋನ್ ನಂಬರ್. ಜೆರಾಕ್ಸ್ ಖರ್ಚು 120 ರೂಪಾಯಿ.

ಮೊಬೈಲ್ ಜಾಹೀರಾತು ನಿಲ್ಲಿಸಿದಳು. ಅದರ ಬದಲು ಗಾಣ ಆಡುವ ದಿನ ಅರ್ಧ ನಿಮಿಷದ ವಿಡಿಯೊ ಮಾಡಿ, ಒಮ್ಮೆಯಾದರೂ ಕೊಂಡವರಿಗೆ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾಳೆ. ಮೊದಲೆಲ್ಲ ಕ್ಯಾಮೆರಾ ಮುಂದೆ ಬರಲು ನಾಚುತ್ತಿದ್ದಳು. ಈಗಲೂ ಪೂರ್ತಿ ಬಿಟ್ಟಿಲ್ಲ, ದನಿ ಮಾತ್ರ ಕೊಡುತ್ತಾಳೆ. ಬೆಂಗಳೂರಿನ ಒಂದೊಂದು ಬಡಾವಣೆಯವರ ಆರ್ಡರ್ ಒಟ್ಟುಗೂಡಿಸಿ ಒಂದೇ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕುತ್ತಾಳೆ. ಅಲ್ಲಿ ಯಾರಾದರೂ ಒಬ್ಬರು ಇಳಿಸಿಕೊಂಡು ಉಳಿದವರಿಗೆ ಮುಟ್ಟಿಸುತ್ತಾರೆ. ಹಾಗೆ ಮುಟ್ಟಿಸುವವರಿಗೆ ತಿಂಗಳಿಗೊಂದು ಚಟ್ನಿಪುಡಿ ಪೊಟ್ಟಣ.

ಈಗ ತಿಂಗಳು ತಿಂಗಳು ಎಣ್ಣೆ ತರಿಸುವ ಮನೆಗಳು ಮೂವತ್ನಾಲ್ಕು. ಹೇಳಿಕೊಳ್ಳುವ ಸಂಖ್ಯೆಯಲ್ಲ. ಸಂಘದ ಸಾಲ ಇನ್ನೂ ಪೂರ್ತಿ ತೀರಿಲ್ಲ. ಒಂದು ಸಲ ಪೆಟ್ಟಿಗೆಯಲ್ಲಿ ಎರಡು ಬಾಟಲಿ ಒಡೆದು, ಆ ಮನೆಗಳಿಗೆ ಮತ್ತೆ ಕಳಿಸಿಕೊಟ್ಟಳು. ಆ ತಿಂಗಳು ಕೈಗೆ ಹತ್ತಿದ್ದು ಏನೂ ಇಲ್ಲ. ಆದರೆ ಆ ಎರಡೂ ಮನೆಯವರು ಈಗಲೂ ಗಿರಾಕಿಗಳೇ. ಅದರಲ್ಲೊಬ್ಬರು ತಮ್ಮ ಪಕ್ಕದ ಮನೆಯವರನ್ನೂ ಸೇರಿಸಿದ್ದಾರೆ.

ಹೋದ ವಾರ ಸಿಕ್ಕಾಗ, ಸುದ್ದಿ ಹಾಕಲಿಲ್ಲವೆಂದು ಇನ್ನೂ ಸಿಟ್ಟಿದೆಯಾ ಎಂದು ಕೇಳಿದೆ. “ಹಾಕಿದ್ರೆ ಆ ದಿನ ನೂರು ಜನ ಫೋನ್ ಮಾಡೋರು. ನನ್ನ ಹತ್ರ ಅಷ್ಟು ಎಣ್ಣೆ ಎಲ್ಲಿತ್ತಣ್ಣ?” ಎಂದಳು.